ನಾಲ್ಕು ತಾಲ್ಲೂಕಿನ ದಾರಿ, ಎರಡು ಶಾಕಪ್ಸರ್

1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದಾಗ ಅದರೊಳಗೆ ಸೇರಿದ್ದುವು ನಾಲ್ಕು ತಾಲ್ಲೂಕುಗಳು. ಆ ನಾಲ್ಕರೊಡನೆಯೂ ನನಗೆ ಒಂದೊಂದು ಬಗೆಯ ಋಣಾನುಬಂಧವಿದ್ದಿತು. ಉದ್ಯೋಗ ಕೊಪ್ಪಳದಲ್ಲಿ, ಹುಟ್ಟಿದ ಊರು ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವೆ, ಹೆಂಡತಿಯ ತವರು ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳ ಮಗ್ಗುಲಲ್ಲಿ, ಅಕ್ಕನನ್ನು ಕೊಟ್ಟ ಮನೆ ಕುಷ್ಟಗಿಯಲ್ಲಿ. ಆದುದರಿಂದ ಮದುವೆಯೋ ತೊಟ್ಟಿಲೋ, ಬಿತ್ತಿಗೆಯೋ ರಾಶಿಯೋ, ಏನಾದರೊಂದು ನೆವದಿಂದ ನಾಲ್ಕೂ ದಿಕ್ಕಿನ ದಾರಿಗಳನ್ನು ತುಳಿಯುತ್ತಲೇ ಇರಬೇಕಾಗಿದ್ದ ನನ್ನ ಗೃಹಸ್ಥಾಶ್ರಮದ ಬಹುಭಾಗವು 1994ರ ಮಾದರಿಯ ಒಂದು ಬಿಳಿಯ ಮಾರುತಿ 800 ಗಾಡಿಯೊಳಗೇ ಕಳೆಯಿತೆಂದರೆ ಅತಿಶಯೋಕ್ತಿಯಾಗದು.

ಅದನ್ನು ಕೊಂಡದ್ದು ಗಂಗಾವತಿಯ ಅಕ್ಕಿ ಗಿರಣಿಯವರೊಬ್ಬರಿಂದ. ಮೂರು ಸಿಲಿಂಡರಿನ 796 ಸಿಸಿ ಎಂಜಿನು, 12 ಅಂಗುಲದ ಪುಟ್ಟ ಗಾಲಿಗಳು, ಎಲ್ಲ ಸೇರಿ 650 ಕಿಲೋ ಆಸುಪಾಸಿನ ತೂಕ. ಎರಡು ಚೀಲ ಸೋನಾ ಮಸೂರಿಯನ್ನು ಹಿಂದೆ ಹಾಕಿದರೆ ಮೂತಿ ಮೇಲೆತ್ತಿಕೊಂಡು ಓಡುತ್ತಿದ್ದ ಆ ಗಾಡಿಯನ್ನು ನಮ್ಮ ಮನೆಯಲ್ಲಿ ಯಾರೂ ಯಂತ್ರವೆಂದು ಭಾವಿಸಿರಲಿಲ್ಲ. ಅದು ಕೆಡುವುದಿಲ್ಲವೆಂಬ ನಂಬಿಕೆ ಎಷ್ಟು ದೃಢವಾಗಿದ್ದಿತೆಂದರೆ, 2008ರ ಸುಮಾರಿಗೆ ಮುಂಭಾಗದ ಗಾಲಿಗಳ ಕಡೆಯಿಂದ, ಪ್ರತಿಯೊಂದು ತಗ್ಗಿಗೂ 'ಠಕ್' ಎಂಬ ಶುಷ್ಕಧ್ವನಿಯೊಂದು ಕೇಳತೊಡಗಿದಾಗ, ಅದು ರಸ್ತೆಯ ದೋಷವೇ ಹೊರತು ಗಾಡಿಯದಲ್ಲವೆಂದು ಮನೆಯವರೆಲ್ಲರೂ ಏಕಕಂಠದಿಂದ ನಿರ್ಣಯಿಸಿದರು. ಆ ನಿರ್ಣಯದಲ್ಲಿ ಅರ್ಧಾಂಶ ಸತ್ಯವೇ ಇದ್ದಿತು.

ಏಕೆಂದರೆ ಆ ವರ್ಷಗಳ ನಮ್ಮ ರಸ್ತೆಗಳ ವಿಚಾರ ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದಾಗಿದೆ. ಬಡ ಸೀಮೆಯ ರಸ್ತೆ ಕೆಟ್ಟದ್ದು, ಸಿರಿವಂತ ಸೀಮೆಯ ರಸ್ತೆ ಒಳ್ಳೆಯದು ಎಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ನಾನು ಕಂಡದ್ದು ತದ್ವಿರುದ್ಧ. ಯಲಬುರ್ಗಾ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ, ಅದರ ಮೇಲೆ ಹಾಸಿದ ಡಾಂಬರು ವರ್ಷಕ್ಕೊಮ್ಮೆ ಅಲೆ ಅಲೆಯಾಗಿ ಏಳುತ್ತದೆ, ನಿಜ; ಆದರೆ ಅಲ್ಲಿ ಭಾರದ ವಾಹನಗಳು ವಿರಳವಾದುದರಿಂದ ಆ ಅಲೆಗಳ ಅಂಚು ಒಡೆಯದೆ ಉಳಿದು, ಗಾಡಿ ತೂಗುತ್ತ ಹೋಗುವುದೇ ಹೊರತು, ಕುಕ್ಕುತ್ತ ಹೋಗುವ ಪ್ರಸಂಗ ಕಡಿಮೆ. ಗಂಗಾವತಿಯ ಕಡೆ ಹಾಗಲ್ಲ. ವರ್ಷಕ್ಕೆ ಎರಡು ಬೆಳೆ ಬೆಳೆಯುವ ಆ ನೀರಾವರಿಯ ಸಮೃದ್ಧಿಯಲ್ಲಿ ನಾಟಿಯ ಕಾಲ ಬಂತೆಂದರೆ, ಕೆಸರುಗದ್ದೆ ತುಳಿಯಲೆಂದು ಟ್ರ್ಯಾಕ್ಟರಿಗೆ ಹಾಕಿದ ಕಬ್ಬಿಣದ ಕೇಜ್‌ವೀಲನ್ನು ಬಿಚ್ಚದೆಯೇ ಒಂದು ಗದ್ದೆಯಿಂದ ಇನ್ನೊಂದಕ್ಕೆ ಟಾರು ರಸ್ತೆಯ ಮೇಲೆಯೇ ಓಡಿಸುವುದು ವಾಡಿಕೆ. ಆ ಗಾಲಿಯ ಪಟ್ಟಿಗಳು ಗೇಣಿಗೊಂದು ಗೀರನ್ನು ರಸ್ತೆಯುದ್ದಕ್ಕೂ ಕೆತ್ತಿ, ಮುಂದಿನ ಮಳೆಗೆ ಆ ಗೀರುಗಳಲ್ಲಿ ನೀರು ನಿಂತು, ಒಂದು ಹಂಗಾಮು ಕಳೆಯುವುದರೊಳಗಾಗಿ ಗೀರು ತಗ್ಗಾಗುತ್ತಿದ್ದಿತು. ಇತ್ತ ಕೊಪ್ಪಳದ ಮೇಲೆ ಹಾದುಹೋಗುವ, ಆಗ 63ನೆಯ ಸಂಖ್ಯೆಯಿದ್ದ ಅಂಕೋಲಾ–ಗುತ್ತಿ ಹೆದ್ದಾರಿಯ ಪಾಡಂತೂ ವರ್ಣನಾತೀತ. ಹೊಸಪೇಟೆ, ಸಂಡೂರುಗಳ ಕಬ್ಬಿಣದ ಅದಿರನ್ನು ಹೊತ್ತು ಕಾರವಾರ, ಬೇಲೇಕೇರಿಗಳ ಬಂದರಿಗೆ ಹೋಗುವ ಲಾರಿಗಳು ಹಗಲು ರಾತ್ರಿ ಭೇದವಿಲ್ಲದೆ ಸಾಲುಗಟ್ಟಿ, ಮುನಿರಾಬಾದಿನಿಂದ ಗಿಣಿಗೇರಿಯವರೆಗೆ ದಾರಿಯ ಅಂಚಿನ ಬೇವಿನ ಮರಗಳು ಸಹ ಕೆಂಪಡರಿ ನಿಂತಿದ್ದುವು. ಕುಷ್ಟಗಿಯ ದಾರಿಯಲ್ಲಿ ಇಳಕಲ್ಲಿನ ಸೀಮೆಯ ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಗಳು. ಅಕ್ಕಿ, ಅದಿರು, ಕಲ್ಲು — ನಮ್ಮ ಜಿಲ್ಲೆಗೆ ಹಣ ತಂದ ಈ ಮೂರೂ ಪದಾರ್ಥಗಳು ನನ್ನ ಗಾಡಿಯ ಮುಂಗಾಲಿನ ಕೀಲುಗಳಿಂದ ತಮ್ಮ ಸುಂಕವನ್ನು ವಸೂಲು ಮಾಡುತ್ತಿದ್ದುವು.

ಕುಷ್ಟಗಿಯ ಅಕ್ಕನ ಮಗ ಆಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದು ಮುಗಿಸಿ, ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದನು. ಗವಿಮಠದ ಜಾತ್ರೆಗೆಂದು ಕೊಪ್ಪಳಕ್ಕೆ ಬಂದವನು, ಅಂಗಳದಲ್ಲಿ ನಿಂತ ಗಾಡಿಯ ಮುಂದಿನ ಮಡ್‌ಗಾರ್ಡಿನ ಮೇಲೆ ಎರಡೂ ಅಂಗೈ ಊರಿ, ತನ್ನ ಭಾರವೆಲ್ಲವನ್ನೂ ಹಾಕಿ ಒತ್ತಿ, ತಟ್ಟನೆ ಕೈಬಿಟ್ಟನು. ಗಾಡಿ ಮೇಲೆದ್ದಿತು, ಕೆಳಗಿಳಿಯಿತು, ಪುನಃ ಎದ್ದಿತು, ಪುನಃ ಇಳಿಯಿತು.

"ಮಾಮಾ, ಇದು ಒಮ್ಮೆ ಎದ್ದು ಸುಮ್ಮನ ನಿಂದರಬೇಕ್ರಿ. ಹಿಂಗ ಕುಣಿಯಾಕ ಹತ್ತೇತಿ ಅಂದ್ರ ಶಾಕಪ್ಸರ್ ಹೋದೂ ಅಂತ ತಿಳೀರಿ," ಎಂದನು.

ಬಳಿಕ ಗಾಲಿಯ ಹಿಂಬದಿಗೆ ಕೈ ತೂರಿಸಿ ಬೆರಳನ್ನು ತೋರಿಸಿದನು. ಎಣ್ಣೆ ಜಿನುಗಿ, ಅದರ ಮೇಲೆ ಅದಿರಿನ ಕೆಂಪು ಧೂಳು ಕೂತು ಗಟ್ಟಿಯಾದ ಜಿಡ್ಡು. ಟೈರಿನ ಮೈ ಕೂಡ ಒಂದೇ ಸಮನೆ ಸವೆಯದೆ, ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದು ಅಂಗೈಗೆ ಏರಿಳಿತವಾಗಿ ಹತ್ತುತ್ತಿದ್ದಿತು. ನೆಲದ ಮೇಲೆ ಪೂರ್ಣವಾಗಿ ಊರದೆ ಕುಪ್ಪಳಿಸುತ್ತ ಓಡಿದ ಗಾಲಿಯ ಲಕ್ಷಣವದು.

ಗಾಡಿಯ ಭಾರವನ್ನು ಹೊರತಕ್ಕದ್ದು ಶಾಕಪ್ಸರ್ ಎಂದೇ ಅಲ್ಲಿಯವರೆಗೆ ನನ್ನ ತಿಳಿವಳಿಕೆಯಾಗಿದ್ದಿತು. ಬಹುಜನರ ತಿಳಿವಳಿಕೆಯೂ ಅದೇ ಎಂದು ಕಾಣುತ್ತದೆ. ಭಾರ ಹೊರುವುದು ಸುರುಳಿ ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಂದು ಸ್ವಭಾವವುಂಟು: ತಾನು ಪಡೆದ ಪೆಟ್ಟನ್ನು ಅದು ಇಟ್ಟುಕೊಳ್ಳದು, ಹಿಂದಿರುಗಿಸಿಯೇ ತೀರುವುದು, ಹಿಂದಿರುಗಿಸಿದ ಮೇಲೆಯೂ ನಿಲ್ಲದೆ, ತೂಗಾಟ ತಾನಾಗಿ ಸಾಯುವವರೆಗೆ ಆಡುತ್ತಲೇ ಇರುವುದು. ಆ ತೂಗಾಟವನ್ನು ಕೊಲ್ಲುವುದಕ್ಕಾಗಿಯೇ ಅದರ ಗರ್ಭದಲ್ಲಿ ಎಣ್ಣೆ ತುಂಬಿದ ಕೊಳವೆಯೊಂದನ್ನು ಇಟ್ಟಿರುತ್ತಾರೆ. ಕೊಳವೆಯೊಳಗೆ ಸಣ್ಣ ರಂಧ್ರಗಳುಳ್ಳ ಪಿಸ್ಟನ್ನು ಏರಿಳಿಯುವಾಗ ಎಣ್ಣೆ ಆ ರಂಧ್ರಗಳಲ್ಲಿ ಇರುಕಿಕೊಂಡು ಹಾಯಬೇಕು. ಆ ಪ್ರಯಾಸದಲ್ಲಿ ತಗ್ಗಿನ ಪೆಟ್ಟೆಲ್ಲ ಶಾಖವಾಗಿ ಪರಿಣಮಿಸಿ ಗಾಳಿಯಲ್ಲಿ ಸೇರಿಹೋಗುತ್ತದೆ. ಸೀಲು ಹರಿದು ಎಣ್ಣೆ ಸೋರಿತೆಂದರೆ, ಸ್ಪ್ರಿಂಗನ್ನು ಹಿಡಿಯುವವರಿಲ್ಲ.

ಮಾರುತಿಯಂಥ ಗಾಡಿಯಲ್ಲಿ ಈ ಕೊಳವೆಗೆ ಇನ್ನೊಂದು ಹೊಣೆಯೂ ಇದೆ. ಅಂಬಾಸಿಡರಿನ ಮುಂಗಾಲಿಗೆ ತಿರುಚುವ ಉಕ್ಕಿನ ಸರಳುಗಳಿದ್ದುವು, ಪದ್ಮಿನಿಗೆ ಮೇಲೊಂದು ಕೆಳಗೊಂದು ತೋಳುಗಳಿದ್ದುವು. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಬೀಗದ ಕೈ ಹಸ್ತಾಂತರವಾದ ಮಾರುತಿಯಲ್ಲಿ ಮಾತ್ರ ಮೇಲಿನ ತೋಳೆಂಬುದೇ ಇಲ್ಲ. ಸ್ಪ್ರಿಂಗು, ಎಣ್ಣೆಯ ಕೊಳವೆ, ಸ್ಟೇರಿಂಗ್ ತಿರುಗುವ ಅಚ್ಚು, ಮೂರೂ ಒಂದೇ ಸ್ತಂಭದಲ್ಲಿ ಐಕ್ಯವಾಗಿವೆ. ಇದನ್ನು ರೂಢಿಗೆ ತಂದವನು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೇರಿಕದ ಎಂಜಿನಿಯರು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಶೆವ್ರೊಲೆಯವರಿಗಾಗಿ ಕೆಡೆಟ್ ಎಂಬ ಅಗ್ಗದ ಚಿಕ್ಕ ಕಾರೊಂದನ್ನು ರೂಪಿಸುತ್ತಿದ್ದಾಗ ಆತನಿಗಿದು ಹೊಳೆಯಿತು. ಆ ಕಾರನ್ನು ಕಂಪನಿಯವರು ಮಾರುಕಟ್ಟೆಗೆ ತರದೆಯೇ ಕೈಬಿಟ್ಟರು. ಆತ ಫೋರ್ಡಿಗೆ ಹೋದನು. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಆತನ ಸ್ತಂಭ ಲೋಕದ ಕಣ್ಣಿಗೆ ಬಿದ್ದಿತು. ಕಡಿಮೆ ಬಿಡಿಭಾಗ, ಕಡಿಮೆ ಜಾಗ, ಕಡಿಮೆ ಖರ್ಚು. ಇದೆಲ್ಲವೂ ಸರಿಯೇ, ಆದರೆ ಮೂರು ಕೆಲಸವನ್ನು ಒಬ್ಬನೇ ಮಾಡುವ ಮನೆಯಲ್ಲಿ ಆ ಒಬ್ಬನು ಹಾಸಿಗೆ ಹಿಡಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಸ್ತಂಭ ಸೋತರೆ ಬರಿಯ ಕುಲುಕಾಟವಲ್ಲ, ಬ್ರೇಕು ಹಾಕಿದಾಗ ಮೂತಿ ನೆಲಕ್ಕೆ ಬಾಗುತ್ತದೆ, ತಿರುವಿನಲ್ಲಿ ಗಾಡಿ ಮನಬಂದತ್ತ ವಾಲುತ್ತದೆ.

ಈ ಕೆಲಸವನ್ನು ಗ್ಯಾರೇಜಿಗೆ ಕೊಡಬಹುದಾಗಿದ್ದಿತು. ಕೊಡದಿರುವುದಕ್ಕೆ ಕಾರಣ ಜಿಪುಣತನವೆಂದು ಹೆಂಡತಿ ಹೇಳುತ್ತಾಳೆ. ನಾನು ಅದನ್ನು ಸರ್ವಥಾ ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಕಾರಣವೂ ಇದ್ದಿತು. ವಿಚಾರಿಸಲು ಹೋದ ಒಂದು ಗ್ಯಾರೇಜಿನಲ್ಲಿ, ಹದಿನಾಲ್ಕು ಹದಿನೈದರ ಹುಡುಗನೊಬ್ಬನು ಅಂಥದೇ ಸ್ಪ್ರಿಂಗೊಂದನ್ನು ತಂತಿಯಿಂದ ಬಿಗಿದು, ಅದರ ಮೇಲೆ ಕಾಲಿಟ್ಟುಕೊಂಡು ನೆತ್ತಿಯ ನಟ್ಟನ್ನು ಬಿಚ್ಚುತ್ತಿದ್ದುದನ್ನು ಕಂಡೆನು. ಮುಖವನ್ನು ಸ್ಪ್ರಿಂಗಿಗೆ ನೇರವಾಗಿ ಹಿಡಿದಿದ್ದನು. ನನ್ನ ಅಳಿಯನಿಗೆ ಅದನ್ನು ಹೇಳಿದಾಗ ಅವನು ನಗಲಿಲ್ಲ. ಐಟಿಐಯಲ್ಲಿ ತನಗೆ ಕಲಿಸಿದ ಮಾಸ್ತರರು ಈ ಒಂದು ವಿಷಯದಲ್ಲಿ ಮಾತ್ರ ಬೆತ್ತ ಹಿಡಿದಂತೆ ಮಾತಾಡುತ್ತಿದ್ದರೆಂದೂ, ಸ್ಪ್ರಿಂಗ್ ಒತ್ತುವ ಹತ್ಯಾರವಿಲ್ಲದೆ ತಾನು ಆ ನಟ್ಟನ್ನು ಮುಟ್ಟುವುದಿಲ್ಲವೆಂದೂ ಹೇಳಿ, ಮರುದಿನವೇ ಕುಷ್ಟಗಿಯ ಬಸ್ಸು ಹತ್ತಿ, ಪರಿಚಯದವರೊಬ್ಬರಿಂದ ಅದನ್ನು ಎರವಲು ತಂದನು. ಹೊಸ ಶಾಕಪ್ಸರುಗಳು ಹೊಸಪೇಟೆಯಲ್ಲಿ ದೊರೆತುವು. ಒಂದೇ ಬದಿಯದು ಹೆಚ್ಚು ಸೋರಿದ್ದರೂ ಜೋಡಿಯಾಗಿಯೇ ಕೊಳ್ಳಬೇಕೆಂಬುದು ಅವನ ಹಟ; ಒಂದು ಹೊಸದು ಒಂದು ಹಳೆಯದಾದರೆ ಬ್ರೇಕಿನ ವೇಳೆ ಗಾಡಿ ಒಂದು ಕಡೆಗೆ ಎಳೆಯುತ್ತದೆಯಂತೆ.

ಭಾನುವಾರ ಬೆಳಗ್ಗೆ, ಬಿಸಿಲು ಬಲಿಯುವ ಮುನ್ನವೇ, ಅಂಗಳದ ಕಲ್ಲುಹಾಸಿನ ಮೇಲೆ ಗಾಡಿಯನ್ನು ಸಮತಲವಾಗಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ತೇರಿಗೆ ಕೊಡುವಂತೆ ಸನ್ನೆ ಕೊಟ್ಟೆವು. ಗಾಲಿಯ ನಟ್ಟುಗಳನ್ನು ಜಾಕು ಏರಿಸುವ ಮೊದಲೇ ಸಡಿಲಿಸಬೇಕು, ಗಾಡಿ ಮೇಲೆದ್ದ ಮೇಲೆ ಪಾನಾ ತಿರುಗಿಸಿದರೆ ಗಾಲಿಯೇ ತಿರುಗುತ್ತದೆ. ಜಾಕಿನ ಮೇಲೆಯೇ ನಂಬಿಕೆಯಿಟ್ಟು ಕೆಳಗೆ ಕೈಹಾಕಬಾರದು, ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು. ಇವೆಲ್ಲ ಅವನ ವಿಧಿನಿಷೇಧಗಳು. ಕೆಳಗಿನ ಬೋಲ್ಟುಗಳು ಕೆಂಪು ಧೂಳು ಹಾಗೂ ಹಲವು ಮಳೆಗಾಲಗಳ ತುಕ್ಕಿನಿಂದ ಏಕಶಿಲೆಯಾಗಿದ್ದುವು. ಹಿಂದಿನ ರಾತ್ರಿಯೇ ಚಿಮಣಿ ಎಣ್ಣೆ ಸುರಿದು ನೆನೆಸಿಟ್ಟಿದ್ದರೂ ಜಗ್ಗಲಿಲ್ಲ. ಕಡೆಗೆ ನೀರಿನ ನಲ್ಲಿಯ ಹಳೆಯ ಪೈಪೊಂದನ್ನು ಪಾನಾದ ಹಿಡಿಗೆ ತೊಡಿಸಿ, ಅದರ ತುದಿಗೆ ನಾನು ನೇತುಬಿದ್ದಾಗ, ಬಂದೂಕಿನಂಥ ಸದ್ದಿನೊಡನೆ ಮೊದಲ ಬೋಲ್ಟು ಸಡಿಲಿತು. ನೆರೆಮನೆಯವರು ಹೊರಗೆ ಬಂದು ನೋಡಿದರು.

ಬೋಲ್ಟು ಹೊರಗೆ ತೆಗೆಯುವ ಮುಂಚೆ, ಅದು ಕೂತಿದ್ದ ನೆಲೆಗೆ ಅವನು ಸೀಮೆಸುಣ್ಣದಿಂದ ಗುರುತು ಮಾಡಿದನು. ಅನಂತರ ಗಾಲಿಯ ಕೀಲನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿದನು. ಕಟ್ಟದೆ ಬಿಟ್ಟರೆ ಅದು ಹೊರಕ್ಕೆ ಜೋತುಬಿದ್ದು ಬ್ರೇಕಿನ ರಬ್ಬರು ಕೊಳವೆಯನ್ನು ಹಿಗ್ಗಿಸುತ್ತದೆ, ಎಂಜಿನಿನಿಂದ ಗಾಲಿಗೆ ಬರುವ ಸರಳಿನ ಒಳಕೀಲನ್ನೂ ಕೀಳುತ್ತದೆ. ಬಾನೆಟ್ಟು ತೆರೆದು ನೆತ್ತಿಯ ನಟ್ಟುಗಳನ್ನು ಬಿಚ್ಚಲು ಹೋದಾಗ ನಾನು ಉತ್ಸಾಹದಿಂದ ನಡುವಿನ ದೊಡ್ಡ ನಟ್ಟಿಗೆ ಪಾನಾ ಹಚ್ಚಿದೆನು.

"ಅದನ್ನ ಮುಟ್ಟಬ್ಯಾಡ್ರಿ ಮಾಮಾ! ಸುತ್ತಲಿನೂ ಅಷ್ಟ ಬಿಚ್ಚ್ರಿ. ನಡುವಿಂದು ಬಿಚ್ಚಿದ್ರ ಸ್ಪ್ರಿಂಗ್ ನಮ್ಮಿಬ್ಬರನ್ನೂ ಕೂಡೇ ಕುಷ್ಟಗಿಗೆ ಒಗೀತೈತಿ."

ಕೆಳಗೆ ಇಳಿಸಿಟ್ಟ ಆ ಸ್ತಂಭವನ್ನು ನೋಡಿದಾಗ ಅವನ ಭಯದ ಅರ್ಥವಾಯಿತು. ಗಾಡಿಯ ಭಾರದಿಂದ ಬಿಡುಗಡೆ ಹೊಂದಿದ ಮೇಲೂ ಸ್ಪ್ರಿಂಗು ಎರಡು ತಟ್ಟೆಗಳ ನಡುವೆ ಅಮುಕಿಕೊಂಡೇ ಇರುತ್ತದೆ. ಅದನ್ನು ಹಿಡಿದಿಡುವುದು ಆ ಒಂದೇ ನಟ್ಟು. ಹತ್ಯಾರದ ಎರಡು ಕೊಕ್ಕೆಗಳನ್ನು ಪರಸ್ಪರ ಎದುರುಬದಿರಾಗಿ ಸುರುಳಿಗೆ ಸಿಕ್ಕಿಸಿ, ಒಂದು ಕಡೆ ಸ್ವಲ್ಪ, ಮತ್ತೊಂದು ಕಡೆ ಸ್ವಲ್ಪ, ಹೀಗೆ ಸರದಿಯಾಗಿ ತಿರುಗಿಸುತ್ತ ಹೋದನು. ಉಕ್ಕು ಸಣ್ಣಗೆ ಕಿರುಗುಟ್ಟುತ್ತಿದ್ದಿತು. ಸುರುಳಿ ತಟ್ಟೆಯಿಂದ ಬಿಟ್ಟುಕೊಂಡು, ಬೆರಳಿನಿಂದ ತಿರುಗಿಸಿದರೆ ತಿರುಗುವಷ್ಟು ಸಡಿಲಾದ ಮೇಲೆಯೇ, ಮುಖವನ್ನು ಪಕ್ಕಕ್ಕೆ ಸರಿಸಿ, ನಡುವಿನ ನಟ್ಟನ್ನು ಬಿಚ್ಚಿದನು. ಪಿಸ್ಟನ್ನಿನ ಹೊಳೆಯುವ ದಂಡವನ್ನು ಇಕ್ಕಳದಿಂದ ಹಿಡಿಯಲು ಮಾತ್ರ ಬಿಡಲಿಲ್ಲ. ಅದರ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ಸೀಲು ಹರಿಯಲು ಅಷ್ಟೇ ಸಾಕು.

ಇಷ್ಟು ಹೊತ್ತಿಗೆ ಅವ್ವ ಕಟ್ಟೆಯ ಮೇಲೆ ಬಂದು ಕೂತಿದ್ದಳು. ಬಿಚ್ಚಿದ ಸುರುಳಿಯನ್ನು ಕೋಲಿನಿಂದ ಮುಟ್ಟಿ ನೋಡಿ, ತಾನು ನಿಜಾಮರ ಕಾಲದಲ್ಲಿ ಮದುಮಗಳಾಗಿ ಬನ್ನಿಕೊಪ್ಪದ ಸ್ಟೇಶನ್ನಿನಿಂದ ಊರಿಗೆ ಕೊಲ್ಲಾರಿ ಬಂಡಿಯಲ್ಲಿ ಬಂದುದನ್ನು ಹೇಳತೊಡಗಿದಳು. ಬಂಡಿಯ ಅಚ್ಚಿಗೂ ಕೂತವರ ಬೆನ್ನೆಲುಬಿಗೂ ನಡುವೆ ಇದ್ದದ್ದು ಜೋಳದ ಕಣಿಕೆಯ ಹಾಸು, ಅದರ ಮೇಲೊಂದು ಕೌದಿ, ಅಷ್ಟೆ. ಎರೆಯ ದಾರಿ ಮೆತ್ತಗಿರುವಾಗ ನಿದ್ದೆ ಬರುತ್ತಿತ್ತಂತೆ. ಹಳ್ಳದ ಕಲ್ಲು ಬಂದಾಗ ಗಂಡಸರು ಕೆಳಗಿಳಿದು ನಡೆಯುತ್ತಿದ್ದರಂತೆ, ಹೆಂಗಸರು ಮಾತ್ರ ಸೆರಗು ಬಿಗಿ ಹಿಡಿದು ಒಳಗೇ ಕೂರಬೇಕಾಗಿತ್ತಂತೆ. "ನಿಮ್ಮ ಎಣ್ಣಿ ಕೊಳವಿ ಕೆಟ್ಟರ ಹುಬ್ಬಳ್ಳಿ ಹೊಸಪ್ಯಾಟಿ ಅಂತ ತಿರಗಬೇಕು. ನಮ್ಮದು ಕೆಟ್ಟರ ಹೊಸಾ ಕಣಿಕಿ ಹಾಕತಿದ್ವಿ," ಎಂದಳು. ಅಳಿಯ ಆ ಮಾತಿಗೆ ಮನಸಾರೆ ನಕ್ಕು, ಹೊಸ ಶಾಕಪ್ಸರನ್ನು ನೆಟ್ಟಗೆ ನಿಲ್ಲಿಸಿ, ಅಜ್ಜಿಯ ಕೈಯಿಂದಲೇ ಅದರ ದಂಡವನ್ನು ಒತ್ತಿಸಿದನು. ಕಪಾಟಿನಲ್ಲಿ ಅಡ್ಡವಾಗಿ ಮಲಗಿದ್ದ ಕೊಳವೆಯೊಳಗೆ ಸೇರಿಕೊಂಡ ಗಾಳಿ, ಹೀಗೆ ನಾಲ್ಕಾರು ಸಲ ಒತ್ತಿ ಎಳೆದರೆ ಹೊರಟುಹೋಗುತ್ತದೆ. ದಂಡ ಒಂದೇ ವೇಗದಲ್ಲಿ, ಅವಸರವಿಲ್ಲದೆ ಇಳಿಯಿತು. ಹಳೆಯದನ್ನು ಒತ್ತಿದರೆ ಅಡೆತಡೆಯಿಲ್ಲದೆ ತಳ ಮುಟ್ಟುತ್ತಿದ್ದಿತು.

ಜೋಡಿಸುವಾಗ ನೆತ್ತಿಯ ಬೇರಿಂಗನ್ನು ಕೂಡ ಬದಲಿಸಿದೆವು. ಸ್ಟೇರಿಂಗು ತಿರುಗಿಸಿದಾಗಲೆಲ್ಲ ಇಡಿಯ ಸ್ತಂಭವೇ ತಿರುಗುವುದರಿಂದ ಅದರೊಳಗೆ ಧೂಳು ಸೇರಿ ಬಿಗಿದಿದ್ದಿತು. ಸುರುಳಿಯ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯೇ ಎಂದು ಪರೀಕ್ಷಿಸಿ, ಹತ್ಯಾರವನ್ನು ಏರಿಸಿದಷ್ಟೇ ಸಾವಕಾಶವಾಗಿ ಇಳಿಸಿ, ಸ್ತಂಭವನ್ನು ಗುರುತಿಗೆ ಗುರುತು ಕೂಡಿಸಿ ಬಿಗಿದೆವು. ಎರಡನೆಯ ಬದಿಯ ವಿಷಯ ಹೇಳುವುದಕ್ಕೇನೂ ಇಲ್ಲ. ಮೊದಲನೆಯದಕ್ಕೆ ಮಧ್ಯಾಹ್ನವಾಯಿತು, ಎರಡನೆಯದು ಚಹಾದ ಹೊತ್ತಿಗೆ ಮುಗಿಯಿತು.

ಬೋಲ್ಟುಗಳನ್ನು ಎಷ್ಟೇ ಗುರುತಿಟ್ಟು ಕೂಡಿಸಿದರೂ ಗಾಲಿಗಳ ಓರೆ ಎಳ್ಳಷ್ಟು ಬದಲಾಗದೆ ಇರದು. ಅದನ್ನು ಯಂತ್ರದಲ್ಲಿ ನೋಡಿಸಿ ಸರಿಪಡಿಸಿಕೊಳ್ಳದಿದ್ದರೆ ಟೈರಿನ ಒಂದು ಅಂಚು ಬೇಗನೆ ಸವೆಯುತ್ತದೆಂದು ಮರುದಿನ ಗಂಗಾವತಿಗೆ ಹೋದೆವು. ಗಿಣಿಗೇರಿಯವರೆಗಿನ ಹೆದ್ದಾರಿ ಎಂದಿನಂತೆಯೇ ಇದ್ದಿತು. ಲಾರಿಗಳು ಎಂದಿನಂತೆಯೇ ಇದ್ದುವು. ಗಾಡಿ ಮಾತ್ರ ಪ್ರತಿಯೊಂದು ತಗ್ಗಿನಲ್ಲಿಯೂ ಇಳಿದು, ಎದ್ದು, ಅಷ್ಟಕ್ಕೇ ಸುಮ್ಮನಾಗುತ್ತಿದ್ದಿತು. ಹೆಂಡತಿ ತವರಿನ ದಾರಿಯಲ್ಲಿ ಮೊದಲ ಬಾರಿಗೆ ರಸ್ತೆಯನ್ನು ಬಯ್ಯದೆ ಬಂದಳು. ಗಂಗಾವತಿ ದಾಟಿದ ಮೇಲೆ ಕೇಜ್‌ವೀಲಿನ ಟ್ರ್ಯಾಕ್ಟರೊಂದು ನಮ್ಮ ಮುಂದೆಯೇ ಡಾಂಬರನ್ನು ಕೊರೆಯುತ್ತ ಹೋಗುತ್ತಿದ್ದಿತು. ಮಾವನವರ ಗದ್ದೆಯನ್ನು ಉಳುವ ಟ್ರ್ಯಾಕ್ಟರೂ ಹಾಗೆಯೇ ಹೋಗುವುದೆಂಬುದನ್ನು ನೆನೆದು ನಾವಿಬ್ಬರೂ ಆ ವಿಷಯವನ್ನು ಎತ್ತಲಿಲ್ಲ.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ ಅದಿರಿನ ಲಾರಿಗಳ ಸಾಲು ಒಮ್ಮೆಲೇ ಕರಗಿಹೋಯಿತು. ಲಾರಿ ಸಾಲದಲ್ಲಿ ಮುಳುಗಿದವರು ನಮ್ಮ ಓಣಿಯಲ್ಲಿಯೂ ಇದ್ದುದರಿಂದ, ದಾರಿ ಹಗುರಾಯಿತೆಂದು ಬಾಯಿಬಿಟ್ಟು ಸಂತೋಷಪಡುವಂತಿರಲಿಲ್ಲ. ಹೆದ್ದಾರಿಯ ಅಂಕಿ 67 ಆಯಿತು, ಮುಂದೆ ರಸ್ತೆ ಅಗಲವಾಯಿತು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೇ ನಿಂತಿತು. ನಮ್ಮದು ಅದಾದ ಮೇಲೂ ಕೆಲವು ಕಾಲ ಓಡಿ, ಕನಕಗಿರಿಯ ಕಡೆಯ ಶಿಕ್ಷಕರೊಬ್ಬರಿಗೆ ಮಾರಾಟವಾಯಿತು.

ಬಿಚ್ಚಿದ ಹಳೆಯ ಜೋಡಿಯಲ್ಲಿ ಒಂದು ಮೋಡಕಾದವನ ತಕ್ಕಡಿಗೆ ಹೋಯಿತು. ಇನ್ನೊಂದನ್ನು ಅಳಿಯ ತನ್ನ ಐಟಿಐಗೆ ಒಯ್ದು ಉದ್ದಕ್ಕೆ ಕೊಯ್ಯಿಸಿದನು; ಒಳಗಿನ ಪಿಸ್ಟನ್ನು, ಅದರ ರಂಧ್ರಗಳು, ತಳದಲ್ಲಿ ಉಳಿದಿದ್ದ ಕಪ್ಪು ಎಣ್ಣೆಯ ಕಲೆ ಎಲ್ಲವೂ ಕಾಣುವಂತೆ ಅದನ್ನು ಹಲಗೆಗೆ ಬಡಿದು ಗೋಡೆಗೆ ತೂಗುಹಾಕಿದರಂತೆ. ಅವನೀಗ ಕಾರಟಗಿಯ ಕಡೆ ಟ್ರ್ಯಾಕ್ಟರು ದುರಸ್ತಿಯ ಕೆಲಸದಲ್ಲಿದ್ದಾನೆ. ಹೋದ ಸಲ ಬಂದಾಗ ಈ ಬರಹದ ವಿಷಯ ಹೇಳಿದೆನು. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೂ ಇಲ್ಲ, ಶಾಕಪ್ಸರೂ ಇಲ್ಲವೆಂದೂ, ಟೈರಿನ ಗಾಳಿಯನ್ನು ಬಿಟ್ಟರೆ ಡ್ರೈವರನ ಸೀಟಿನ ಕೆಳಗೆ ಮಾತ್ರ ಒಂದಿಷ್ಟು ಸ್ಪ್ರಿಂಗು ಇರುವುದೆಂದೂ, ಕೇಜ್‌ವೀಲು ಹಾಕಿದಾಗ ಆ ಟೈರಿನ ಗಾಳಿಯೂ ಉಪಯೋಗಕ್ಕೆ ಬಾರದೆಂದೂ ಅವನು ವಿವರಿಸಿದನು.

"ಸೀಟಿನ ಸ್ಪ್ರಿಂಗು ಕೆಟ್ಟರ ಏನು ಮಾಡತಾರಪಾ?" ಎಂದು ಕೇಳಿದೆನು.

"ಅದನ್ನ ರಿಪೇರಿ ಮಾಡಸಾಕ ಯಾರ ಬರತಾರ್ರಿ ಮಾಮಾ, ಗೊಬ್ಬರದ ಚೀಲ ಮಡಿಚಿ ಹಾಕ್ಕೊಂಡು ಕುಂಡ್ರತಾರ," ಎಂದನು.